ಬ್ರೇಕ್ ಹಾಕಿದ್ದೆ ಸಾರ್, ಹೆಚ್ಚುಕಮ್ಮಿ ನಿಂತೇ ಹೋಗಿತ್ತು!

ಕಳೆದ ಭಾನುವಾರ ಬೆಳಿಗ್ಗೆ ಎರಡನೇ ಕಾಫಿ ಇನ್ನೂ ಕೈಗೆ ಬಂದಿರಲಿಲ್ಲ, ಎದುರು ಮನೆಯವರು ಮೊಬೈಲ್ ಹಿಡಿದುಕೊಂಡು ಬಂದರು. ತಮಿಳಿನವರು, ನನಗಿಂತ ಎರಡು ವರ್ಷ ದೊಡ್ಡವರು, ಹದಿನೈದು ವರ್ಷದ ನೆರೆಹೊರೆ. ದುಡ್ಡಿನ ವಿಷಯ ಏನೇ ಇರಲಿ, ಮೊದಲು ನನ್ನ ಹತ್ತಿರ ಬರುವುದು ಅವರ ರೂಢಿ. ಬ್ಯಾಂಕಿನವನು ಎದುರು ಮನೆಯಲ್ಲಿದ್ದರೆ ಅದೊಂದು ಅನುಕೂಲ ನೋಡಿ. ಆದರೆ ಈ ಸಲ ಬಂದದ್ದು ಎಫ್‌ಡಿ ಬಡ್ಡಿ ಕೇಳಲಿಕ್ಕಲ್ಲ. ಅತಿವೇಗಕ್ಕೆ ಸಾವಿರ ರೂಪಾಯಿ ದಂಡ ಅಂತ ಅವರಿಗೆ ಮೆಸೇಜ್ ಬಂದಿತ್ತು.

"ನೀವೇ ಹೇಳಿ ಸಾರ್, ನೀವು ಲೆಕ್ಕ ಗೊತ್ತಿರೋರು. ಶೋಳಿಂಗನಲ್ಲೂರ್ ಸಿಗ್ನಲ್ಲಿಂದ ಮಧ್ಯ ಕೈಲಾಶ್‌ವರೆಗೆ ಹನ್ನೆರಡು ಹದಿಮೂರು ಕಿಲೋಮೀಟರ್. ಅವತ್ತು ನನಗೆ ನಲವತ್ತು ನಿಮಿಷ ಹಿಡೀತು. ಗಂಟೆಗೆ ಇಪ್ಪತ್ತು ಕಿಲೋಮೀಟರೂ ಬೀಳಲಿಲ್ಲ, ಸೈಕಲ್ ಸ್ಪೀಡು! ಇವರ ಮೆಷಿನ್ನು ನೋಡಿದ್ರೆ 72 ಅಂತ ತೋರಿಸ್ತಿದೆ. ಇದು ಅನ್ಯಾಯ ಅಲ್ಲವಾ?"

ನಾನು ಬಾಯಿ ತೆರೆಯುವ ಮೊದಲೇ ಎರಡನೇ ವಾದವೂ ಬಂತು. "ಅದೂ ಅಲ್ಲದೆ ಸಾರ್, ಕ್ಯಾಮೆರಾ ನೋಡಿದ ತಕ್ಷಣ ನಾನು ಬ್ರೇಕ್ ಹಾಕಿದ್ದೆ. ಗಾಡಿ ಸ್ಲೋ ಆಗ್ತಾನೇ ಇತ್ತು!"

ತಡೆಯಲಾಗದೆ ಕೇಳಿಬಿಟ್ಟೆ. "ಬ್ರೇಕ್ ಹಾಕಿದ ಮೇಲೂ 72 ಇತ್ತು ಅಂದರೆ, ಹಾಕುವ ಮುಂಚೆ ಎಷ್ಟಿತ್ತು ಸಾರ್?"

ಅವರಿಗೆ ಅದು ಹಿಡಿಸಲಿಲ್ಲ. ನನ್ನವಳು ಕಾಫಿ ತರುವಷ್ಟರಲ್ಲಿ ಎದ್ದು ಹೋಗಿದ್ದರು. "ಏನ್ರೀ, ಮನೆಗೆ ಬಂದವರನ್ನ ಹೀಗೆ ಕಳಿಸೋದಾ?" ಅಂತ ನನಗೆ ಮಂಗಳಾರತಿಯೂ ಆಯಿತು.

ಅವರು ಹೋದ ಮೇಲೆ ನನಗೂ ಸಮಾಧಾನ ಇರಲಿಲ್ಲ. ಯಾಕೆಂದರೆ ಅವರು ಆಡಿದ ಮಾತನ್ನೇ ಸುಮಾರು ಒಂದು ವರ್ಷದ ಹಿಂದೆ ನಾನೂ ಆಡಿದ್ದೆ. ಅದು ಆಮೇಲೆ ಹೇಳುತ್ತೇನೆ. ಮೊದಲು ಈ ಸರಾಸರಿಯ ವಿಷಯ ಮುಗಿಸೋಣ.

ನಾನು ಓದಿದ್ದು ಬಿಕಾಂ, ಅದೂ ಮಂಡ್ಯದಲ್ಲಿ. ಫಿಸಿಕ್ಸ್‌ಗೂ ನನಗೂ ಎಸ್ಸೆಸ್ಸೆಲ್ಸಿಗೇ ಸಂಬಂಧ ಕಡಿದುಹೋಯಿತು. ಆದರೆ ಸರಾಸರಿ ಬೇರೆ, ಆ ಹೊತ್ತಿನ ಲೆಕ್ಕ ಬೇರೆ ಅನ್ನುವುದನ್ನು ಬ್ಯಾಂಕಿನ ಕೌಂಟರಿನಲ್ಲಿ ಕೂತವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಂಗಡಿಯವರೊಬ್ಬರು ಬರುತ್ತಾರೆ. "ಸಾರ್, ನನ್ನ ಅಕೌಂಟಲ್ಲಿ ತಿಂಗಳ ಸರಾಸರಿ ಎಂಬತ್ತು ಸಾವಿರ ಇರುತ್ತೆ. ಹದಿನೈದು ಸಾವಿರದ ಚೆಕ್ಕನ್ನ ಹೇಗೆ ವಾಪಸ್ ಕಳಿಸಿದ್ರಿ?" ಅಂತ ಜಗಳಕ್ಕೆ ನಿಲ್ಲುತ್ತಾರೆ. ತೆಗೆದು ನೋಡಿದರೆ, ಸರಾಸರಿ ಎಂಬತ್ತು ಸಾವಿರ ಇರುವುದು ನಿಜ. ಚೆಕ್ ಬಂದ ದಿನ ಅಕೌಂಟಲ್ಲಿದ್ದದ್ದು ಒಂಬತ್ತು ಸಾವಿರ. ಚೆಕ್ಕಿಗೆ ಸರಾಸರಿ ಗೊತ್ತಿಲ್ಲ ಸ್ವಾಮಿ. ತಾನು ಬಂದು ನಿಂತ ಗಳಿಗೆಯಲ್ಲಿ ಡಬ್ಬದಲ್ಲಿ ಎಷ್ಟಿದೆ ಅನ್ನುವುದಷ್ಟೇ ಅದಕ್ಕೆ ಬೇಕು.

ಹಳಬರಿಗೆ ಇನ್ನೊಂದು ನೆನಪಿರಬಹುದು. 2010ರ ಏಪ್ರಿಲ್ 1ಕ್ಕೆ ಮುಂಚೆ ಉಳಿತಾಯ ಖಾತೆಗೆ ಬಡ್ಡಿ ಹಾಕುತ್ತಿದ್ದದ್ದು, ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಅತಿ ಕಡಿಮೆ ಎಷ್ಟಿತ್ತೋ ಅದರ ಮೇಲೆ. ತಿಂಗಳಿಡೀ ಲಕ್ಷ ರೂಪಾಯಿ ಇಟ್ಟು 28ನೇ ತಾರೀಖು ಮಗಳ ಫೀಸಿಗೆ ತೆಗೆದರೆ ಮುಗೀತು, ಆ ಲಕ್ಷಕ್ಕೆ ಬಡ್ಡಿ ಇಲ್ಲ. ರಿಸರ್ವ್ ಬ್ಯಾಂಕ್ ಅದನ್ನು ಬದಲಾಯಿಸಿ ದಿನದಿನದ ಬಾಕಿಯ ಮೇಲೆ ಬಡ್ಡಿ ಕೊಡಿ ಅಂದಿತು. ಆ ದಿನದ ಲೆಕ್ಕ ಆ ದಿನಕ್ಕೆ. ತಿಂಗಳಿಗೆಲ್ಲ ಒಂದೇ ಸಂಖ್ಯೆ ಹಿಡಿದರೆ ನಡುವೆ ಏನಾಯಿತು ಅನ್ನುವುದು ಅದರೊಳಗೆ ಮುಚ್ಚಿಹೋಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಗಾಡಿಯದ್ದೂ ಇದೇ ಕಥೆ. ಒಟ್ಟು ದೂರವನ್ನು ಒಟ್ಟು ಸಮಯದಿಂದ ಭಾಗಿಸಿದರೆ ಬರುವುದು ಸರಾಸರಿ ವೇಗ. ಸ್ಪೀಡೋಮೀಟರಿನ ಮುಳ್ಳು ತೋರಿಸುವುದು ಆ ಕ್ಷಣದ ವೇಗ. ಪೊಲೀಸರ ಲೇಸರ್ ಗನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ನಿಮ್ಮ ಗಾಡಿಯ ದೂರವನ್ನು ಹಲವಾರು ಸಲ ಅಳೆಯುತ್ತದೆ, ದೂರ ಎಷ್ಟು ಬದಲಾಯಿತು ಅಂತ ನೋಡುತ್ತದೆ. ಅಂದರೆ ಅದು ತೆಗೆಯುವುದೂ ಒಂದು ಸರಾಸರಿಯೇ. ಆದರೆ ಎಷ್ಟು ಸಣ್ಣ ಹೊತ್ತಿನದ್ದು ಅಂದರೆ, ಅಷ್ಟರೊಳಗೆ ವೇಗ ಬದಲಾಗಲಿಕ್ಕೆ ಪುರಸೊತ್ತೇ ಇರುವುದಿಲ್ಲ. ಎದುರು ಮನೆಯವರ ನಲವತ್ತು ನಿಮಿಷದಲ್ಲಿ ಪೆರುಂಗುಡಿ ಸಿಗ್ನಲ್ ಇದೆ, ಮೆಟ್ರೋ ಕಾಮಗಾರಿಗೆ ಕಿರಿದಾದ ರಸ್ತೆ ಇದೆ, ಕಂಪನಿ ಬಸ್ಸುಗಳ ಹಿಂದೆ ನಿಂತದ್ದಿದೆ. ಖಾಲಿ ರಸ್ತೆ ಸಿಕ್ಕಿದ ಕಡೆ ಕಾಲು ಒತ್ತಿದ್ದೂ ಇದೆ. ಸಿಗ್ನಲ್ಲಿನಲ್ಲಿ ಸೊನ್ನೆಯಲ್ಲಿ ನಿಂತ ಪುಣ್ಯವನ್ನು ಆಮೇಲೆ 72ರಲ್ಲಿ ಹೋಗಿ ಖರ್ಚು ಮಾಡುತ್ತೇನೆ ಅಂದರೆ ಹೇಗೆ?

ಈ ಭೇದ ಹೊಸದೇನೂ ಅಲ್ಲ. ಭಾಸ್ಕರಾಚಾರ್ಯರು (ಹುಟ್ಟಿದ್ದು 1114. ನಮ್ಮ ವಿಜಯಪುರದವರು ಅಂತ ನಾವು, ಜಳಗಾಂವ್ ಕಡೆಯವರು ಅಂತ ಮರಾಠಿಗರು!) 1150ರ ತಮ್ಮ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಗ್ರಹಗಳ ಚಲನೆಗೆ ಇದನ್ನೇ ಹೇಳಿದ್ದಾರೆ. ಇವತ್ತಿನಿಂದ ನಾಳೆಗೆ ಚಂದ್ರ ಎಷ್ಟು ಸರಿದ ಅಂತ ನೋಡಿದರೆ ಸಿಗುವುದು ಸ್ಥೂಲ ಗತಿ. ಚಂದ್ರನ ನಡಿಗೆ ಒಂದೇ ಸಮ ಇರುವುದಿಲ್ಲವಾದ್ದರಿಂದ ತಿಥಿ ಮುಗಿಯುವ ಹೊತ್ತನ್ನು ಸರಿಯಾಗಿ ಹೇಳಲು ಅದು ಸಾಲದು, ಆ ಹೊತ್ತಿನ ಗತಿಯೇ ಬೇಕು. ಅದಕ್ಕೆ ಅವರಿಟ್ಟ ಹೆಸರು ತಾತ್ಕಾಲಿಕ ಗತಿ. ನಮ್ಮ ಆಫೀಸುಗಳಲ್ಲಿ ತಾತ್ಕಾಲಿಕ ಅಂದರೆ ಟೆಂಪರರಿ ನೌಕರ ಅಂತಾಗಿಬಿಟ್ಟಿದೆ. ಅವರ ಅರ್ಥದಲ್ಲಿ ಅದು ‘ಆ ಹೊತ್ತಿನದು’. ಪಂಚಾಂಗಕ್ಕೇ ಸಾಲದ ಸರಾಸರಿ, ಅಡ್ಡ ಬಂದ ಮನುಷ್ಯನ ಜೀವಕ್ಕೆ ಸಾಕಾಗುತ್ತದೆಯೆ?

ಈಗ ನನ್ನ ಕಥೆ.

ಹೋದ ವರ್ಷ ಒಂದು ಸಂಜೆ ಬ್ಯಾಂಕಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದೆ. ಮುಖ್ಯ ರಸ್ತೆ ಬಿಟ್ಟು ನಮ್ಮ ಬೀದಿಗೆ ತಿರುಗಿ ಆಗಿತ್ತು. ಮನೆ ಹತ್ತಿರ ಬಂದರೆ ಯಾರಿಗೂ ಸ್ವಲ್ಪ ಆತುರ ತಾನೆ? ಮುಳ್ಳು 45ರ ಆಸುಪಾಸಿನಲ್ಲಿತ್ತು. ಮೂಲೆಯಲ್ಲಿ ಹೂ ಮಾರುವ ಒಬ್ಬರು ಅಜ್ಜಿ ಕೂರುತ್ತಾರೆ, ಎಪ್ಪತ್ತರ ಹತ್ತಿರ ಇರಬಹುದು. ನಮ್ಮ ಮನೆ ದೇವರಿಗೆ ಅವರದ್ದೇ ಮಲ್ಲಿಗೆ. ಅವತ್ತು ಬುಟ್ಟಿ ಎತ್ತಿಕೊಂಡು ರಸ್ತೆ ದಾಟಲು ಇಳಿದರು. ನಾನು ನೋಡಿದೆ, ಬ್ರೇಕ್ ಹಿಡಿದೆ, ಎರಡೂ ಬ್ರೇಕು, ಬಿಗಿಯಾಗಿ. ಗಾಡಿ ನಿಧಾನವಾಯಿತು. ನಿಂತೇಬಿಡುತ್ತದೆ ಅಂದುಕೊಂಡೆ. ನಿಲ್ಲಲಿಲ್ಲ. ಅಜ್ಜಿ ಬಿದ್ದರು, ಹೂವೆಲ್ಲ ರಸ್ತೆ ಪಾಲು.

ಮಣಿಕಟ್ಟಿನ ಮೂಳೆ ಮುರಿದಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದೆ, ಖರ್ಚು ನೋಡಿಕೊಂಡೆ, ಆರು ವಾರ ಪಟ್ಟಿ. ಅವರ ಮಗ ಓಡಿಬಂದಾಗ ನಾನು ಹೇಳಿದ್ದು ಇದನ್ನೇ: "ಬ್ರೇಕ್ ಹಾಕಿದ್ದೆನಪ್ಪಾ, ಹೆಚ್ಚುಕಮ್ಮಿ ನಿಂತೇ ಹೋಗಿತ್ತು." ಆ ಹುಡುಗ ಏನೂ ಅನ್ನಲಿಲ್ಲ. ಅಜ್ಜಿಯೇ ನನ್ನ ಪರ ವಹಿಸಿ "ಪರವಾಯಿಲ್ಲೈ ತಂಬಿ, ನೀ ಬ್ರೇಕ್ ಪೋಟ್ಟಿಯೇ" ಅಂದರು. ನೀನು ಬ್ರೇಕ್ ಹಾಕಿದೆಯಲ್ಲ, ಅಷ್ಟು ಸಾಕು ಅನ್ನುವ ಧಾಟಿ. ಬೈದಿದ್ದರೆ ವಾಸಿಯಿತ್ತು.

ಆಗ ನಮ್ಮ ಮನೆಯಲ್ಲಿ ನನ್ನ ತಂಗಿಯ ಮಗ ಇದ್ದ. ಇಂಜಿನಿಯರಿಂಗ್ ಕೊನೆಯ ವರ್ಷ, ಇಲ್ಲೇ ಓಎಂಆರ್‌ನ ಕಂಪನಿಯೊಂದಕ್ಕೆ ತರಬೇತಿಗೆ ಅಂತ ಮದ್ದೂರಿನಿಂದ ಬಂದಿದ್ದವನು. ನಾಲ್ಕೈದು ದಿನ ನಾನು ಸಪ್ಪಗಿದ್ದದ್ದು ನೋಡಿ, "ಮಾವ, ನಡೀರಿ ಅಳೆದೇಬಿಡೋಣ" ಅಂದ. ನಾನು ಅಜ್ಜಿಯನ್ನು ನೋಡಿದ್ದು ಕರೆಂಟ್ ಕಂಬದ ಪಕ್ಕ ಬಂದಾಗ, ಅದು ಚೆನ್ನಾಗಿ ನೆನಪಿದೆ. ಅಲ್ಲಿಂದ ಅವರು ನಿಂತಿದ್ದ ಜಾಗಕ್ಕೆ ಟೇಪ್ ಹಿಡಿದರೆ ಇಪ್ಪತ್ತೈದು ಮೀಟರ್.

ಅವನ ಲೆಕ್ಕ ಹೀಗೆ. ಗಂಟೆಗೆ 45 ಅಂದರೆ ಸೆಕೆಂಡಿಗೆ ಹನ್ನೆರಡೂವರೆ ಮೀಟರ್. ಕಣ್ಣು ನೋಡಿ, ತಲೆಗೆ ಹೋಗಿ, ಕೈ ಬ್ರೇಕ್ ಹಿಡಿಯುವಷ್ಟರಲ್ಲಿ ಒಂದು ಸೆಕೆಂಡು ಕಳೆಯುತ್ತದೆ. ಐವತ್ತು ದಾಟಿದವನಿಗೆ ಅಷ್ಟಂತೂ ಬೇಕು. ಆ ಒಂದು ಸೆಕೆಂಡಿನಲ್ಲಿ ಹನ್ನೆರಡೂವರೆ ಮೀಟರ್, ಅಂದರೆ ಅರ್ಧ ದಾರಿ, ಬ್ರೇಕೇ ಇಲ್ಲದೆ ಮುಗಿಯಿತು. ಉಳಿದದ್ದು ಹನ್ನೆರಡೂವರೆ ಮೀಟರ್. ನಮ್ಮ ಬೀದಿಯ ಮರಳು ಮೆತ್ತಿದ ರಸ್ತೆಯಲ್ಲಿ ಸ್ಕೂಟರಿನ ಬ್ರೇಕು ಪ್ರತಿ ಸೆಕೆಂಡಿಗೆ ಸೆಕೆಂಡಿಗೈದು ಮೀಟರಿನಷ್ಟು ವೇಗ ತಗ್ಗಿಸುತ್ತದೆ ಅಂತ ಹಿಡಿದರೆ, ಪೂರ್ತಿ ನಿಲ್ಲಲು ಹದಿನೈದೂವರೆ ಮೀಟರ್ ಚಿಲ್ಲರೆ ಬೇಕು. ನನಗೆ ಕಡಿಮೆ ಬಿದ್ದದ್ದು ಬರೀ ಮೂರು ಮೀಟರ್. ಹತ್ತಡಿ!

"ನೋಡಿದೆಯಾ, ನಾನು ಹೇಳಿದ್ದು ಸುಳ್ಳಲ್ಲ. ಹೆಚ್ಚುಕಮ್ಮಿ ನಿಂತಿತ್ತು" ಅಂದೆ.

"ಇಲ್ಲ ಮಾವ. ಹತ್ತಡಿ ಉಳಿದಿದ್ದಾಗ ನಿಮ್ಮ ಸ್ಪೀಡು ಇನ್ನೂ 20 ಇತ್ತು."

ನಾನು ನಂಬಲಿಲ್ಲ. ಮೂರು ಸಲ ಮಾಡಿಸಿದೆ. ಮೂರು ಸಲವೂ 20. ಐದಡಿ ಎತ್ತರದಿಂದ ಬಿದ್ದರೆ ನೆಲ ಮುಟ್ಟುವಾಗ ಇರುವಷ್ಟು ವೇಗ ಅಂತೆ ಅದು. ಎಪ್ಪತ್ತು ವರ್ಷದವರ ಕೈಮೂಳೆ ಹೇಗೆ ತಡೆದೀತು?

ನಾವೆಲ್ಲ ತಪ್ಪು ಮಾಡುವುದು ಇಲ್ಲೇ. 60ರಲ್ಲಿ ಹೋಗುತ್ತಿದ್ದವನು ಒಂದೇ ಸಮ ಬ್ರೇಕ್ ಹಾಕಿ ಸೊನ್ನೆಗೆ ಬಂದರೆ ಸರಾಸರಿ ವೇಗ 30. ಇದು ಸರಿಯಾದ ಲೆಕ್ಕವೇ. ಹಾಗಾಗಿ ಅರ್ಧ ದಾರಿಗೆ ಬಂದಾಗ 30 ಇರುತ್ತದೆ ಅಂತ ಮನಸ್ಸು ತಾನೇ ಅಂದುಕೊಳ್ಳುತ್ತದೆ. 30 ಬರುವುದು ಅರ್ಧ ಸಮಯಕ್ಕೆ, ಅರ್ಧ ದಾರಿಗಲ್ಲ. ಅರ್ಧ ದಾರಿಯಲ್ಲಿ ಮುಳ್ಳು ಇನ್ನೂ 42ರ ಮೇಲಿರುತ್ತದೆ, ಅಂದರೆ ನೂರಕ್ಕೆ 71ರಷ್ಟು ವೇಗ ಹಾಗೇ ಉಳಿದಿರುತ್ತದೆ. 30ಕ್ಕೆ ಇಳಿಯುವಷ್ಟರಲ್ಲಿ ಮುಕ್ಕಾಲು ದಾರಿ ಮುಗಿದಿರುತ್ತದೆ. ಉಳಿದ ಅಷ್ಟೂ ವೇಗ ಕರಗುವುದು ಕೊನೆಯ ಕಾಲು ದಾರಿಯಲ್ಲಿ.

ಯಾಕೆ ಹೀಗೆ? ತಂಗಿ ಮಗ ನನಗೆ ಅರ್ಥವಾಗುವ ಹಾಗೆ ಹೇಳಿದ. ಬ್ರೇಕಿಗೆ ಕೆಲಸ ಮಾಡಲು ಸಮಯ ಬೇಕು. ಮೊದಲರ್ಧ ದಾರಿಯಲ್ಲಿ ಗಾಡಿ ಜೋರಾಗಿರುತ್ತದೆ, ಆ ದಾರಿಯನ್ನು ಬೇಗ ದಾಟಿಬಿಡುತ್ತದೆ, ಬ್ರೇಕಿಗೆ ಸಿಗುವ ಹೊತ್ತು ಕಡಿಮೆ. ಅದೇ ಸ್ಕೂಟರಿನ ಬ್ರೇಕಿನಲ್ಲಿ 60ರಿಂದ ನಿಲ್ಲಲು 28 ಮೀಟರ್ ಬೇಕು. ಮೊದಲ 14 ಮೀಟರ್ ಒಂದೇ ಸೆಕೆಂಡಿಗೆ ಮುಗಿಯುತ್ತದೆ. ಉಳಿದ 14 ಮೀಟರಿಗೆ ಎರಡೂಕಾಲು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ. ಗಾಡಿಯ ಮೇಲೆ ಕೂತವನಿಗೆ ನೆನಪಿನಲ್ಲಿ ಉಳಿಯುವುದು ಈ ಕೊನೆಯ ನಿಧಾನದ ಹೊತ್ತು. ಅದಕ್ಕೇ ‘ಹೆಚ್ಚುಕಮ್ಮಿ ನಿಂತೇ ಹೋಗಿತ್ತು’ ಅನ್ನಿಸುವುದು. ಅಡ್ಡ ನಿಂತವರಿಗೆ ಸಿಗುವುದು ಆ ಜಾಗದಲ್ಲಿ ಗಾಡಿಗೆ ಎಷ್ಟು ವೇಗ ಉಳಿದಿತ್ತೋ ಅಷ್ಟೂ.

71 ಅನ್ನುವ ಸಂಖ್ಯೆ ಕೇಳಿ ನಾನು ಬೆಚ್ಚಿದೆ. ಯಾಕೆ ಗೊತ್ತೆ? ಅದು ನನ್ನ ಮೇಜಿನ ಮೇಲೆ ದಿನಾ ಓಡಾಡುವ ಸಂಖ್ಯೆ. ಒಬ್ಬರು ಶೇಕಡಾ 9ರ ಬಡ್ಡಿಗೆ ಇಪ್ಪತ್ತು ವರ್ಷಕ್ಕೆ ಮೂವತ್ತು ಲಕ್ಷ ಗೃಹಸಾಲ ತೆಗೆದಿದ್ದಾರೆ ಅನ್ನಿ. ತಿಂಗಳ ಕಂತು ಸುಮಾರು ಇಪ್ಪತ್ತೇಳು ಸಾವಿರ. ಹತ್ತು ವರ್ಷ ತಪ್ಪದೆ ಕಟ್ಟಿ, ಹತ್ತಿಪ್ಪತ್ತು ಸಾವಿರ ಆಚೀಚೆ ಹದಿನೈದು ಲಕ್ಷ ಉಳಿದಿರಬೇಕು, ಊರಿನ ಜಮೀನು ಮಾರಿದ ದುಡ್ಡಲ್ಲಿ ತೀರಿಸಿಬಿಡೋಣ ಅಂತ ಬರುತ್ತಾರೆ. ಕಂಪ್ಯೂಟರ್ ನೋಡಿ ನಾನು ಹೇಳುವುದು: ಇಪ್ಪತ್ತೊಂದು ಲಕ್ಷದ ಮೂವತ್ತೊಂದು ಸಾವಿರ. ಅವರ ಮುಖ ನೋಡಲಾಗುವುದಿಲ್ಲ. ಅರ್ಧ ಅವಧಿ ಮುಗಿದರೂ ನೂರಕ್ಕೆ 71 ಸಾಲ ಹಾಗೇ ಇದೆ. ಅಸಲು ಅರ್ಧಕ್ಕೆ ಇಳಿಯಲು ಹದಿನಾಲ್ಕು ವರ್ಷ ಬೇಕು.

ಎರಡು ಕಡೆಯೂ 71 ಬಂದದ್ದು ಕಾಕತಾಳೀಯ, ಬಡ್ಡಿ ದರ ಬೇರೆಯಾದರೆ ಸಾಲದ ಸಂಖ್ಯೆ ಬೇರೆಯಾಗುತ್ತದೆ. ಬ್ರೇಕಿನದ್ದು ಮಾತ್ರ ಎಲ್ಲ ವೇಗಕ್ಕೂ ಅದೇ. ಆದರೆ ಎರಡರ ನಡವಳಿಕೆಯೂ ಒಂದೇ ಜಾತಿಯದ್ದು. ಮೊದಲು ಇಳಿಯುವುದೇ ಇಲ್ಲ, ಕೊನೆಗೆ ಸರ್ರನೆ ಇಳಿಯುತ್ತದೆ. ಸಾಲ ತೆಗೆದವರಿಗೆ ನಾನು ಮೂವತ್ತು ವರ್ಷದಿಂದ ಹೇಳುತ್ತಿದ್ದೇನೆ, ಕಂತು ಕಟ್ಟುವ ಶಿಸ್ತಿಗಿಂತ ಮೊದಲೇ ಸಾಲ ಕಡಿಮೆ ತೆಗೆಯುವುದು ಜಾಣತನ ಅಂತ. ಅದೇ ಮಾತು ಸ್ಕೂಟರಿಗೂ ಸಲ್ಲುತ್ತದೆ ಅಂತ ನನಗೆ ಹೊಳೆಯಲೇ ಇಲ್ಲ ನೋಡಿ.

ಯಾಕೆಂದರೆ ಅವತ್ತು ತಂಗಿ ಮಗ ಇನ್ನೊಂದು ಲೆಕ್ಕವನ್ನೂ ಹಾಕಿದ್ದ. "ಮಾವ, ನೀವು 45ರ ಬದಲು 40ರಲ್ಲಿ ಬಂದಿದ್ದರೆ?" ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಹನ್ನೊಂದು ಮೀಟರ್, ಬ್ರೇಕ್ ಹಿಡಿದ ಮೇಲೆ ಹನ್ನೆರಡು ಚಿಲ್ಲರೆ, ಒಟ್ಟು ಇಪ್ಪತ್ತಮೂರೂವರೆ. ಅಜ್ಜಿಗಿಂತ ಒಂದೂವರೆ ಮೀಟರ್ ಹಿಂದೆಯೇ ಗಾಡಿ ನಿಂತಿರುತ್ತಿತ್ತು. ಬರೀ ಐದು ಕಿಲೋಮೀಟರ್ ವ್ಯತ್ಯಾಸ. 40ರಲ್ಲಿ ಬಂದವನು ಅಜ್ಜಿಯ ಮುಂದೆ ನಿಂತು "ನೋಡಿಕೊಂಡು ದಾಟಿ ಅಮ್ಮಾ" ಅಂತ ಗದರಿ ಹೋಗುತ್ತಿದ್ದ. 45ರಲ್ಲಿ ಬಂದವನು 20ರ ವೇಗದಲ್ಲಿ ಗುದ್ದಿದ.

ಕಾರಿನವರು ನಗಬೇಡಿ. ಒಳ್ಳೆಯ ಕಾರು, ಒಣ ರಸ್ತೆ, ಒಳ್ಳೆಯ ಬ್ರೇಕು ಅನ್ನಿ. 50ರಲ್ಲಿ ಬರುವವನು ಅಡ್ಡ ಬಂದ ಮಗುವನ್ನು ನೋಡಿದ ಮೇಲೆ ಪೂರ್ತಿ ನಿಲ್ಲಲು ಸುಮಾರು 28 ಮೀಟರ್ ಸಾಕು. ಅದೇ ಕಾರು, ಅದೇ ಡ್ರೈವರು, 60ರಲ್ಲಿ ಬಂದಿದ್ದರೆ ಆ 28ನೇ ಮೀಟರಿನಲ್ಲಿ ಎಷ್ಟು ವೇಗ ಇರುತ್ತದೆ? ಹತ್ತು ಅನ್ನುತ್ತೀರಾ? ನಾನೂ ಹಾಗೇ ಅಂದಿದ್ದೆ. ಹತ್ತಿರ ಹತ್ತಿರ 40! ಎರಡು ಅಂತಸ್ತಿನ ಮನೆಯ ತಾರಸಿಯಿಂದ ಬಿದ್ದ ಹಾಗೆ. ಈ ಹತ್ತು ಕಿಲೋಮೀಟರ್ ಜಾಸ್ತಿ ಹೋಗಿ ನಾವು ಉಳಿಸುವುದೇನು? ಹನ್ನೆರಡು ಕಿಲೋಮೀಟರ್ ದಾರಿಯಲ್ಲಿ ಒಂದು ಸಿಗ್ನಲ್ಲೂ ಇಲ್ಲ ಅಂತ ಇಟ್ಟುಕೊಂಡರೂ ಎರಡು ನಿಮಿಷ ಚಿಲ್ಲರೆ. ನಮ್ಮ ರಸ್ತೆಯಲ್ಲಿ ಅದೂ ಉಳಿಯುವುದಿಲ್ಲ. ಮುಂದಿನ ಕೆಂಪು ದೀಪದಲ್ಲಿ ಇಬ್ಬರೂ ಅಕ್ಕಪಕ್ಕ ನಿಂತು ಮುಖ ಮುಖ ನೋಡಿಕೊಳ್ಳುವುದೇ.

ಹಾಗಂತ ಸರಾಸರಿ ಕೆಲಸಕ್ಕೆ ಬಾರದ್ದು ಅಂತ ನಾನು ಹೇಳುವುದಿಲ್ಲ. ಊರಿನ ಕಡೆಯದೇ ಉದಾಹರಣೆ ಕೊಡುತ್ತೇನೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿ, 119 ಕಿಲೋಮೀಟರ್. ಆ ವರ್ಷ ಅದರ ಮೇಲೆ ಆದ ಸಾವುಗಳನ್ನು ಮಂಡ್ಯ, ರಾಮನಗರದವರು ಮರೆಯುವ ಹಾಗಿಲ್ಲ. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಅಲ್ಲಿ ನಿಷೇಧ ಬಂತು, ಆಮೇಲೆ ಕ್ಯಾಮೆರಾಗಳೂ ಬಂದವು. ಕಾರಿಗೆ ಮಿತಿ 100. ನಮ್ಮ ನೆಂಟರ ಹುಡುಗನೊಬ್ಬ ಮದುವೆ ಮನೆಯಲ್ಲಿ, "ದೊಡ್ಡಪ್ಪ, ಒಂದು ಗಂಟೆ ಐದು ನಿಮಿಷಕ್ಕೆ ಮೈಸೂರು! ಕ್ಯಾಮೆರಾ ಹತ್ತಿರ ಬ್ರೇಕು, ದಾಟಿದ ಮೇಲೆ ಮತ್ತೆ ಪಿಕಪ್ಪು" ಅಂತ ಜಂಬ ಕೊಚ್ಚಿಕೊಂಡ. ಇವನ ವಿಷಯದಲ್ಲಿ ಆ ಕ್ಷಣದ ವೇಗ ಅಳೆಯುವ ಕ್ಯಾಮೆರಾ ಸೋತಿತು, ಯಾಕೆಂದರೆ ಆ ಕ್ಷಣಕ್ಕೆ ಅವನು ಸಭ್ಯನಾಗಿದ್ದ. ಹಿಡಿಯುವುದು ಸರಾಸರಿಯೇ. 119 ಕಿಲೋಮೀಟರನ್ನು 65 ನಿಮಿಷಕ್ಕೆ ಅಂದರೆ ಗಂಟೆಗೆ ಸುಮಾರು 110. ಸರಾಸರಿ 110 ಬರಬೇಕಾದರೆ ಎಲ್ಲೋ ಒಂದು ಕಡೆ ಅವನು 110 ಮುಟ್ಟಿಯೇ ಇರಬೇಕು, ಇದರಲ್ಲಿ ಯಾವ ವಕೀಲನೂ ತಪ್ಪಿಸಲಾರ. ಇಟಲಿಯ ಹೆದ್ದಾರಿಗಳಲ್ಲಿ ‘ಟ್ಯೂಟರ್’ ಅನ್ನುವ ವ್ಯವಸ್ಥೆ 2005ರಿಂದಲೇ ಹೀಗೆ ಎರಡು ಜಾಗದ ನಡುವಿನ ಸಮಯ ನೋಡಿ ದಂಡ ಹಾಕುತ್ತಿತ್ತು.

ಆದರೆ ಈ ತರ್ಕ ಒಂದೇ ದಿಕ್ಕಿನದು. ಸರಾಸರಿ ಮಿತಿ ಮೀರಿದರೆ ತಪ್ಪು ಖಂಡಿತ. ಸರಾಸರಿ ಮಿತಿಯೊಳಗಿದೆ ಅಂದರೆ ತಪ್ಪಿಲ್ಲ ಅಂತಲ್ಲ. ಎದುರು ಮನೆಯವರು ಎಡವಿದ್ದು ಅಲ್ಲೇ. ಜನ ದಾಟದ ಹೆದ್ದಾರಿಗೆ ಸರಾಸರಿ ಅಳೆಯಿರಿ, ಜನ ನಡೆಯುವ ಬೀದಿಗೆ ಆ ಕ್ಷಣವನ್ನು ಅಳೆಯಿರಿ. ಇದು ನನ್ನ ಅಭಿಪ್ರಾಯ.

2023ರ ನವೆಂಬರಿನಲ್ಲಿ ಚೆನ್ನೈ ಸಂಚಾರ ಪೊಲೀಸರು ಹೊಸ ಮಿತಿಗಳನ್ನು ತಂದರು. ಕಾರಿಗೆ 60, ಬೈಕು-ಸ್ಕೂಟರಿಗೆ 50, ಆಟೋಗೆ 40, ಮನೆಗಳಿರುವ ಬೀದಿಗಳಲ್ಲಿ ಎಲ್ಲರಿಗೂ 30. ಆಗ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈ 30ನ್ನು ಹಿಡಿದು ಎಷ್ಟು ನಕ್ಕಿದ್ದೆವು! ನಡೆದುಕೊಂಡೇ ಹೋಗಬಹುದು, ಗಾಡಿ ಯಾಕೆ ಅಂತ. ನಗುವವರಲ್ಲಿ ನಾನೇ ಮುಂದೆ. ಆ ಲೆಕ್ಕದಲ್ಲಿ ಅವತ್ತು ಸಂಜೆ ನಾನು ಮಿತಿಗಿಂತ ಹದಿನೈದು ಜಾಸ್ತಿ ಇದ್ದೆ. ಈ 30 ಯಾರೋ ಚೆನ್ನೈಯವರು ಕನಸು ಕಂಡದ್ದಲ್ಲ. 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ಸಚಿವರ ಮಟ್ಟದ ಸಭೆ, ಕಾಲ್ನಡಿಗೆಯವರೂ ಸೈಕಲ್ಲಿನವರೂ ವಾಹನಗಳೂ ಬೆರೆಯುವ ಕಡೆ 30ನ್ನು ಗರಿಷ್ಠ ಮಿತಿ ಮಾಡಿ ಅಂತ ಎಲ್ಲ ದೇಶಗಳಿಗೂ ಹೇಳಿತ್ತು. ನಾವು ನಗುತ್ತಿರುವಾಗ ಏನಾಗುತ್ತಿದೆ ಅನ್ನುವುದಕ್ಕೆ ಕೇಂದ್ರದ ರಸ್ತೆ ಸಾರಿಗೆ ಇಲಾಖೆಯ ಲೆಕ್ಕ ಇದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ಅತಿವೇಗದ ಖಾತೆಗೆ ಬರೆದದ್ದು ನೂರಕ್ಕೆ 71. ಮತ್ತೆ ಅದೇ 71! ಇದೂ ಕಾಕತಾಳೀಯವೇ, ಆದರೆ ಈ ಸಲ ನನಗೆ ನಗು ಬರಲಿಲ್ಲ.

ಪೊಲೀಸರು ಒಂದೊಂದು ಬೀದಿಗೂ ಗನ್ನು ಹಿಡಿದು ನಿಲ್ಲಲಾರರು. ನಿಲ್ಲಲಿ ಅಂತ ನಾನೂ ಕೇಳುವುದಿಲ್ಲ. ನನ್ನದು ಎರಡೇ ಮಾತು. ಒಂದು, ಡ್ರೈವಿಂಗ್ ಸ್ಕೂಲಿನಲ್ಲಿ ಎಂಟು ಹಾಕಲು ಕಲಿಸುವುದರ ಜತೆಗೆ ಈ ಅರ್ಧ ದಾರಿಯ 71ನ್ನೂ ಕಲಿಸಲಿ. ಒಂದು ಖಾಲಿ ಮೈದಾನ, ಸುಣ್ಣದಲ್ಲಿ ಎಳೆದ ಎರಡು ಗೆರೆ ಸಾಕು. ಇಲ್ಲಿ ಬ್ರೇಕ್ ಹಾಕು, ಆ ಗೆರೆ ದಾಟುವಾಗ ಮುಳ್ಳು ನೋಡು ಅಂದರೆ ಹುಡುಗರಿಗೆ ಜೀವನಪೂರ್ತಿ ನೆನಪಿರುತ್ತದೆ. ಎರಡು, ನಮ್ಮಂಥವರು ಬೀದಿಗೆ ತಿರುಗುವ ಮುಂಚೆಯೇ ನಿಧಾನವಾಗುವುದು. ಬ್ರೇಕ್ ನಂಬಿ ಜೋರಾಗಿ ಬರುವುದು, ಮುಂದಿನ ತಿಂಗಳ ಸಂಬಳ ನಂಬಿ ಚೆಕ್ ಬರೆದಂತೆ. ಚೆಕ್ಕಾದರೆ ಮತ್ತೊಂದು ಸಲ ಹಾಕಿ ನೋಡಬಹುದು.

ಎದುರು ಮನೆಯವರಿಗೆ ಅವತ್ತು ಸಂಜೆಯೇ ಹೋಗಿ ಸಾರಿ ಕೇಳಿದೆ. ಹೂವಿನ ಅಜ್ಜಿಯ ಕಥೆಯನ್ನೂ ಹೇಳಿದೆ. ಅಲ್ಲಿಯವರೆಗೆ ಅವರಿಗೆ ಅದು ಗೊತ್ತಿರಲಿಲ್ಲ, ನಾನು ಯಾರಿಗೂ ಹೇಳಿಕೊಂಡಿರಲಿಲ್ಲ. ಸುಮ್ಮನೆ ಕೇಳಿಸಿಕೊಂಡು, ಮೊಬೈಲ್ ತೆಗೆದು, ನನ್ನೆದುರಿಗೇ ಸಾವಿರ ರೂಪಾಯಿ ಕಟ್ಟಿದರು. "ಸರಿ ಸಾರ್, ಆದರೂ ಸಾವಿರ ಜಾಸ್ತಿ" ಅಂದರು. ಅಷ್ಟಾದರೂ ಅನ್ನಲಿ ಬಿಡಿ.

ಅಜ್ಜಿ ಈಗಲೂ ಅದೇ ಮೂಲೆಯಲ್ಲಿ ಕೂರುತ್ತಾರೆ. ಕೈ ಕೂಡಿಕೊಂಡಿದೆ, ಆದರೆ ಹೂ ಕಟ್ಟುವಾಗ ಮೊದಲಿನ ವೇಗ ಇಲ್ಲ. ಮೊಳ ಅಳೆಯುವಾಗ ಮಣಿಕಟ್ಟು ಪೂರ್ತಿ ತಿರುಗುವುದಿಲ್ಲ, ಇನ್ನೊಂದು ಕೈಯಿಂದ ಹಿಡಿದುಕೊಳ್ಳುತ್ತಾರೆ. ನಾನು ಆ ಕರೆಂಟ್ ಕಂಬದ ಹತ್ತಿರ ಬರುವಾಗ ಮುಳ್ಳು ನೋಡುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಒಂದೊಂದು ದಿನ 35 ಇರುತ್ತದೆ, ನಾಚಿಕೆಯಾಗಿ ಇಳಿಸುತ್ತೇನೆ.

ನಿಮ್ಮ ಬೀದಿಗೆ ತಿರುಗುವಾಗ ನಿಮ್ಮ ಮುಳ್ಳು ಎಷ್ಟರಲ್ಲಿರುತ್ತದೆ? ಇವತ್ತು ಸಂಜೆ ಒಂದು ಸಲ ನೋಡಿಕೊಳ್ಳಿ.